ಸುಂಡೆಗಿಡ ಮತ್ತು ಒಂದು ‘ಕಿ’

ಹೋದ ವಾರ ಆಂಧ್ರದ ಗಡಿಯ ನಮ್ಮ ಆದವಾನಿಯ ಒಂದು ಕಲ್ಯಾಣಮಂಟಪದಲ್ಲಿ ಮೈಕ್ ಹಿಡಿದು ನಿಂತಿದ್ದೆ. ಮದುವೆಮನೆಗಳಲ್ಲಿ ಕನ್ನಡ, ತೆಲುಗು ಎರಡನ್ನೂ ಕಲಸಿ ಮಾತಾಡಿ, ಹತ್ತು ಜನರ ದನಿ ತೆಗೆದು ನಗಿಸುವುದು ನನ್ನ ಕಸುಬು. ನಗದಿದ್ದರೆ ಊಟಕ್ಕೆ ಕಳಿಸುವುದೂ ಅದೇ ಕಸುಬಿನ ಭಾಗ. ಪುರೋಹಿತರ ಮಂತ್ರ ಮುಗಿಸಿ, ಮದುಮಗನ ಸೋದರಮಾವನ ಕೆಮ್ಮಿಗೆ ಕೈ ಹಾಕುವ ಹೊತ್ತಿಗೆ ಅಡುಗೆಮನೆಯಿಂದ ಒಂದು ವಾಸನೆ ಬಂತು. ಕಾದ ಎಣ್ಣೆಯಲ್ಲಿ ಹುಳಿಮಜ್ಜಿಗೆ ಸುಟ್ಟಂತೆ, ಅದರ ಹಿಂದೆಯೇ ಒಂದು ಕಹಿ... ಕೆಮ್ಮು ಮರೆತೇಹೋಯಿತು. ಬಾಯಿ ತೆರೆದು ಸುಮ್ಮನೆ ನಿಂತೆ. ಮಂದಿ ಅದೂ ಒಂದು ಜೋಕು ಅಂದುಕೊಂಡು ನಕ್ಕರು.

ಊಟಕ್ಕೆ ಕೂತಾಗ ಎಲೆಯ ತುದಿಗೆ ನಾಲ್ಕು ಕಪ್ಪು ಗುಂಡು ಬಿದ್ದವು. ಪಕ್ಕದಲ್ಲಿದ್ದವನು, “ಬಟಾಣಿ ಸೀದು ಹೋಗ್ಯಾವ ನೋಡ್ರಿ” ಎಂದು ಅವನ್ನು ಅತ್ತ ತಳ್ಳಿದ. ಅದು ಬಟಾಣಿಯಲ್ಲ, ಸುಂಡೆಕಾಯಿಯ ಬಾಳಕ ಎಂದು ಹೇಳಬಹುದಿತ್ತು. ಹೇಳದೆ ಅವನ ಎಲೆಯದನ್ನೂ ಎತ್ತಿಕೊಂಡು ತಿಂದೆ.

ಸುಂಡೆ ಬದನೆಯ ಬಳಗದ ಗಿಡ. ಎಲೆ ಬದನೆಯದೇ, ಹೂವು ಬಿಳಿ ನಕ್ಷತ್ರ, ಕಾಯಿ ಮಾತ್ರ ಬಟಾಣಿಯಷ್ಟು, ಗೊಂಚಲು ಗೊಂಚಲು. ಆಳೆತ್ತರ ಬೆಳೆಯುತ್ತದೆ, ಕಾಂಡಕ್ಕೂ ಎಲೆಯ ನರಕ್ಕೂ ಮುಳ್ಳು. ನಮ್ಮ ಓಣಿಯ ತೆಲುಗಿನವರು ಅದನ್ನು ಉಸ್ತಿಕಾಯಿ ಅನ್ನುತ್ತಾರೆ. ಓಣಿಯಲ್ಲಿ ಇದ್ದದ್ದು ಒಂದೇ ಗಿಡ, ನಮ್ಮ ಮನೆಯ ಗೋಡೆಯಾಚೆ. ಅದನ್ನು ಬೆಳೆಸಿದವಳನ್ನು ನಾನು ಅತ್ತೆ ಅನ್ನುತ್ತಿದ್ದೆ. ಸಂಬಂಧವೇನೂ ಇರಲಿಲ್ಲ, ನಡುವೆ ಒಂದು ಗೋಡೆ ಇತ್ತು, ಅಷ್ಟೇ.

ಅತ್ತೆ ಹೊಳಗುಂದದ ಕಡೆಯ ಕನ್ನಡದವಳು. ಮದುವೆಯಾಗಿ ಆದವಾನಿಗೆ ಬರುವಾಗ ತವರಿನ ಹಿತ್ತಲಿಂದ ಒಂದು ಟೊಂಗೆ ಕಡಿದು, ಒದ್ದೆ ಬಟ್ಟೆ ಸುತ್ತಿ ತಂದಿದ್ದಳಂತೆ. ಮೂರು ಬಾಡಿಗೆ ಮನೆ ಬದಲಾದವು. ಪ್ರತಿ ಸಲವೂ ಗಿಡದಿಂದ ಒಂದು ಟೊಂಗೆ ಅತ್ತೆಯ ಜೊತೆ ಬಂತು. ಮಾವ, ಅಂದರೆ ಆಕೆಯ ಗಂಡ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್. ಮಾತು ಕಡಿಮೆ, ಮನೆಯಲ್ಲಿರುವುದು ಇನ್ನೂ ಕಡಿಮೆ. ಹಾಗಾಗಿ ಆಕೆಯ ಬೈಗುಳವೆಲ್ಲ ಗಿಡದ ಪಾಲಿಗೆ.

“ಏನ್ ಉರಿಯಾಕ ಹತ್ತೈತಿ ನಿನಗ? ನಿನ್ನೆ ಅಷ್ಟು ನೀರು ಕುಡದಿ, ಇವತ್ತ ಮತ್ತ ಮಾರಿ ಜೋತು ಹಾಕ್ಕೊಂಡು ನಿಂತಿ!”

ಅಕ್ಕಿ ತೊಳೆದ ನೀರು ಗಿಡಕ್ಕೆ. ಒಲೆಯ ಬೂದಿ ಗಿಡಕ್ಕೆ. ಮಳೆ ಶುರುವಾಗುವ ಮುಂಚೆ ಸೊಂಟದ ಮಟ್ಟಕ್ಕೆ ತಾನೇ ಸವರುತ್ತಿದ್ದಳು, ಹೊಸ ಚಿಗುರಿನಲ್ಲೇ ಕಾಯಿ ಹೆಚ್ಚು ಅಂತ. ಕಾಯಿ ಎಳಸಿರುವಾಗ, ಬೀಜ ಗಟ್ಟಿಯಾಗುವ ಮೊದಲು ಹರಿದು, ಒಂದೊಂದನ್ನೂ ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ, ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗಿಡುತ್ತಿದ್ದಳು. ಸಂಜೆ ಮತ್ತೆ ಅದೇ ಮಜ್ಜಿಗೆಗೆ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಮಜ್ಜಿಗೆ ತೀರುವವರೆಗೆ ಹೀಗೆ. ಅದೇ ಬಾಳಕ. ಓಣಿಯ ಪ್ರತಿ ಮನೆಗೂ ಒಂದು ಡಬ್ಬಿ ಹೋಗುತ್ತಿತ್ತು, ಮುಳ್ಳಿನ ಗಿಡ ಮನೆಮುಂದೆ ಇರಬಾರದು ಎಂದು ಉಪದೇಶ ಮಾಡಿದವರ ಮನೆಗೂ.

ಆಕೆಯಿಂದ ನಾನು ಕಲಿತ ತೋಟಗಾರಿಕೆ ಒಂದೇ. ನಮ್ಮೂರಲ್ಲಿ ಹತ್ತಿಯ ಕಾಲಕ್ಕೆ ಜಿನ್ನುಗಳಿಂದ ಅರಳೆ ಹಾರಿ ಬಂದು ಎಲ್ಲದರ ಮೇಲೂ ಕೂರುತ್ತದೆ, ಸುಂಡೆಯ ಎಲೆಯ ಮೇಲೂ. ಆ ಗಿಡಕ್ಕೆ ಬರುವ ಬಿಳಿ ಹಿಟ್ಟುಹುಳವೂ ಥೇಟ್ ಅರಳೆಯ ಹಾಗೆಯೇ ಕಾಣುತ್ತದೆ. ಅತ್ತೆ ಬಗ್ಗಿ ಎಲೆಗೆ ಉಫ್ ಎಂದು ಊದುತ್ತಿದ್ದಳು.

“ಹಾರಿದ್ರ ಜಿನ್ನಿಂದು, ಕುಂತ್ರ ಹುಳದ್ದು. ತಿಳೀತೇನ್?”

ಇನ್ನು ಆಕೆಯ ತೆಲುಗು. ಅದನ್ನು ಕೇಳಲು ಓಣಿ ಕಿವಿ ತೆರೆದು ಕಾಯುತ್ತಿತ್ತು. ಎಲ್ಲ ಪದಗಳೂ ಬರುತ್ತಿದ್ದವು, ವೇಗವೂ ಇತ್ತು. ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ ತೆಲುಗಿನಲ್ಲೊಂದು ‘ಕಿ’ ಇದೆಯಲ್ಲ, ಅದೊಂದು ಮಾತ್ರ ಇಪ್ಪತ್ತೈದು ವರ್ಷವಾದರೂ ಆಕೆಯ ನಾಲಿಗೆಗೆ ಅಂಟಲಿಲ್ಲ. ಎದುರುಮನೆಗೆ ಸೊಸೆ ಬಂದ ಹೊಸತರಲ್ಲಿ, ನಾಯಿಗೆ ಅನ್ನ ಹಾಕು ಎಂದು ಹೇಳಲು ಹೋಗಿ, “ಕುಕ್ಕ, ಅನ್ನಂ ಪೆಟ್ಟು” ಅಂದುಬಿಟ್ಟಳು. ನಾಯಿ, ಅನ್ನ ಬಡಿಸು! ಆ ಹುಡುಗಿ ಅಳುತ್ತ ಒಳಗೆ ಹೋದಳು. ಅತ್ತೆ ಡಬ್ಬಿ ಬಾಳಕ ಹಿಡಿದು ಹಿಂದೆಯೇ ಹೋದಳು. ಆಮೇಲೆ ಇಬ್ಬರೂ ಸೇರಿ ನಕ್ಕಿದ್ದು ನಮ್ಮ ಮನೆವರೆಗೂ ಕೇಳಿಸಿತು. ಜನ ನಕ್ಕಷ್ಟೂ ಆಕೆಗೆ ಹುರುಪು. ಹಾಲಿನವನ ಜೊತೆ, ನೀರಿನ ಟ್ಯಾಂಕರಿನವನ ಜೊತೆ ಓಣಿಯ ಪರವಾಗಿ ಜಗಳವಾಡುತ್ತಿದ್ದವಳೂ ಆಕೆಯೇ, ಅದೇ ‘ಕಿ’ ಇಲ್ಲದ ತೆಲುಗಿನಲ್ಲಿ.

ನಾನಾಗ ಡಿಗ್ರಿ ಎರಡನೇ ವರ್ಷ. ಅಂದರೆ ಕಾಲೇಜಿಗೆ ಹೋಗದೆ ಮಾಳಿಗೆಯ ಮೇಲೆ ಕೂತು ದನಿಗಳನ್ನು ಅಭ್ಯಾಸ ಮಾಡುವ ವಯಸ್ಸು. ಹಾಲಿನವನು, ಅಪ್ಪ, ಪ್ರಿನ್ಸಿಪಾಲರು ಎಲ್ಲರೂ ನನ್ನ ಗಂಟಲಲ್ಲಿದ್ದರು. ಅತ್ತೆಯೇ ಗೋಡೆಯಾಚೆಯಿಂದ, “ಲೇ, ನಿಮ್ಮಪ್ಪನ್ನ ಒಂದೀಟು ಮಾಡಪಾ” ಎಂದು ಕೇಳಿ ಮಾಡಿಸಿಕೊಂಡು ನಗುತ್ತಿದ್ದಳು. ನನ್ನ ಬಳಿ ಇದ್ದ ದನಿಗಳಲ್ಲೆಲ್ಲ ಆಕೆಯದೇ ಅತ್ಯುತ್ತಮ. ಮೂಗಿನಲ್ಲಿ ಶುರುವಾಗಿ ಕೊನೆಯ ಅಕ್ಷರವನ್ನು ಮಾಳಿಗೆಗೆ ಎಸೆಯುವ ದನಿ. ಆಕೆಯ ಮುಂದೆ ಮಾತ್ರ ಅದನ್ನು ತೆಗೆದಿರಲಿಲ್ಲ. ಮರ್ಯಾದೆ ಅಂದುಕೊಂಡಿದ್ದೆ, ಪುಕ್ಕಲುತನ ಇರಬೇಕು.

ಆ ವರ್ಷ ಗಿಡ ಟೊಂಗೆ ಬಾಗುವಷ್ಟು ಕಾಯಿ ಹಿಡಿದಿತ್ತು. ಜೊತೆಗೆ ಊದಿದರೂ ಹಾರದ ಬಿಳಿ ಹುಳವೂ ಹಿಡಿದಿತ್ತು. ಹೊಲಗಳಿಗೆ ಔಷಧ ಹೊಡೆಯುವ ಒಬ್ಬ ತೆಲುಗಿನವನಿಗೆ ಅತ್ತೆ ಹಿಂದಿನ ದಿನವೇ ಹೇಳಿ ಬಂದಿದ್ದಳು, ಬೇವಿನೆಣ್ಣೆ ಸೋಪಿನ ನೀರು ತಾನೇ ಕಲಸಿ ಕೊಡುತ್ತೇನೆ, ಬಂದು ಹೊಡಿ ಅಂತ. ಅವನು ಬಂದ. ಬೆನ್ನಿಗೆ ಪಂಪು, ಕೈಯಲ್ಲಿ ಮಚ್ಚು. ಪಕ್ಕದ ಖಾಲಿ ಸೈಟಿನ ಜಾಲಿ ಕಡಿಯುವ ಕೆಲಸವನ್ನೂ ಒಪ್ಪಿಕೊಂಡಿದ್ದನಂತೆ. ಗಿಡ ನೋಡಿದ, ಕಾಯಿ ನೋಡಿದ, ತಲೆ ಕೆರೆದುಕೊಂಡು ಒಳಗೆ ಕೂಗಿದ.

“ಅಮ್ಮಾ, ಏಂ ಚೆಯ್ಯಾಲಿ?” ಏನು ಮಾಡಬೇಕು ಅಂತ.

ಅತ್ತೆ ಹಿತ್ತಲಲ್ಲಿ ಸೋಪು ಕರಗಿಸುತ್ತಿದ್ದಳು, ಕೇಳಿಸಲಿಲ್ಲ. ಮಾಳಿಗೆಯ ಮೇಲಿದ್ದ ನನಗೆ ಕೇಳಿಸಿತು. ಮಾಳಿಗೆಯ ಮೋಟುಗೋಡೆಯ ಹಿಂದೆ ಬಗ್ಗಿ, ಆಕೆಯ ದನಿಯಲ್ಲಿ, ಆಕೆಯ ತೆಲುಗಿನಲ್ಲಿ ಉತ್ತರ ಕೊಟ್ಟೆ.

“ಚೆಟ್ಟು ಕೊಟ್ಟೆಯ್ಯಪ್ಪಾ!”

ತೆಲುಗಿನಲ್ಲಿ ‘ಚೆಟ್ಟುಕಿ ಕೊಟ್ಟು’ ಅಂದರೆ ಗಿಡಕ್ಕೆ ಔಷಧ ಹೊಡಿ. ‘ಚೆಟ್ಟು ಕೊಟ್ಟು’ ಅಂದರೆ ಗಿಡ ಕಡಿ. ಅತ್ತೆ ಇದ್ದಿದ್ದರೆ ಹೇಗೆ ಹೇಳುತ್ತಿದ್ದಳೋ ಹಾಗೆಯೇ ಹೇಳಿದ್ದೆ, ಒಂದಕ್ಷರ ಆಚೆ ಈಚೆ ಇಲ್ಲ. ನನ್ನ ಕಸುಬಿನಲ್ಲಿ ಅಷ್ಟು ಪಕ್ಕಾ ಬಂದದ್ದು ಅದೊಂದೇ ಸಲ. ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತ ಕೂತಿದ್ದೆ... ಮಚ್ಚಿನ ಮೂರನೇ ಏಟು ಕೇಳಿದಾಗ ನಗು ನಿಂತಿತು. ನಾನು ಇಳಿದು ಓಡುವಷ್ಟರಲ್ಲಿ ಗಿಡ ಕಾಯಿಸಮೇತ ಅಂಗಳದಲ್ಲಿ ಅಡ್ಡ ಬಿದ್ದಿತ್ತು. ಅತ್ತೆ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಮೀರೇ ಕದಮ್ಮಾ ಚೆಪ್ಪಿಂದಿ!” ನೀವೇ ತಾನೇ ಹೇಳಿದ್ದು, ಅಂದ ಅವನು. “ನಿನ್ನಾ ಚೆಪ್ಪಿನಾರು, ಇಪ್ಪುಡೂ ಚೆಪ್ಪಿನಾರು.” ನಿನ್ನೆಯೂ ಹೇಳಿದಿರಿ, ಈಗಲೂ ಹೇಳಿದಿರಿ.

ಆಕೆ ಇಲ್ಲ ಅನ್ನಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ನಿನ್ನೆ ಏನಂದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು ಅಂತ ಕಾಣುತ್ತದೆ. ಆಮೇಲೆ ಬಕೆಟ್ ಕೆಳಗಿಟ್ಟು, “ಹೌದು, ನಾನ ಅಂದೀನಿ” ಅಂದಳು. ಅದನ್ನು ಅಂದದ್ದು ಕನ್ನಡದಲ್ಲಿ.

ಅಂದಿನಿಂದ ಆಕೆ ತೆಲುಗು ಬಿಟ್ಟಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ಸುಮ್ಮನೆ ಬಿಟ್ಟಳು. ಹಾಲಿನವನಿಗೆ ಬೆರಳು ತೋರಿಸುತ್ತಿದ್ದಳು. ಎದುರುಮನೆಯ ಸೊಸೆ ಮಾತಾಡಿಸಿದರೆ ತಲೆಯಾಡಿಸುತ್ತಿದ್ದಳು. ಟ್ಯಾಂಕರ್ ಬಂದ ದಿನ ಕೊಡ ಹಿಡಿದು ಸಾಲಿನ ಕೊನೆಯಲ್ಲಿ ನಿಂತು, ನನ್ನನ್ನು ಕರೆದಳು.

“ನೀ ಹೇಳಪಾ ಅವಂಗ, ನಮ್ಮ ಓಣಿಗೆ ಇನ್ನೊಂದು ಟ್ಯಾಂಕರ್ ಬೇಕಂತ. ನನ್ನ ಬಾಯಿ ಸುದ್ದ ಇಲ್ಲ. ಏನೋ ಅನ್ನಾಕ ಹೋಗಿ ಏನೋ ಆಗತೈತಿ.”

ಹೇಳಿದೆ. ನನ್ನ ದನಿಯಲ್ಲಿ. ಟ್ಯಾಂಕರಿನವನು ಕೇಳಿಸಿಕೊಳ್ಳಲಿಲ್ಲ. ಜಗಳದ ತೆಲುಗು ಆಕೆಗೆ ಬರುತ್ತಿದ್ದಷ್ಟು ನನಗೆ ಬರುತ್ತಿರಲಿಲ್ಲ.

ನಿಜ ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದಿನಾ ಹೇಳದಿರಲು ಒಂದು ಕಾರಣ ಸಿಗುತ್ತಿತ್ತು. ಮಾವ ಮನೆಯಲ್ಲಿದ್ದಾನೆ, ಪರೀಕ್ಷೆ ಇದೆ, ಇವತ್ತು ಬಿಸಿಲು ಜಾಸ್ತಿ... ಅಷ್ಟು ದಿನವೂ ಆಕೆ ಗಿಡದ ಮೋಟಿಗೆ ಸೆಗಣಿ, ಬೂದಿ ಮೆತ್ತಿ, ಒದ್ದೆ ಗೋಣಿಚೀಲ ಹೊದಿಸುತ್ತಿದ್ದಳು. ಬೈಯುತ್ತಿರಲಿಲ್ಲ. ಗಿಡದ ಜೊತೆಗೂ ಮಾತು ನಿಂತಿತ್ತು.

ಇಪ್ಪತ್ತು ದಿನವಾದ ಮೇಲೋ ಏನೋ, ಮೋಟಿನ ಬುಡದಲ್ಲಿ ಹೆಸರುಕಾಳಿನಷ್ಟು ಹಸಿರು ಎದ್ದಿತು. ಆಕೆ ನನ್ನನ್ನು ಕರೆದು ತೋರಿಸಿದಳು. ಇನ್ನು ಕಾರಣ ಉಳಿದಿರಲಿಲ್ಲ.

“ಅತ್ತಿ, ಅವತ್ತ ಚೆಟ್ಟು ಕೊಟ್ಟು ಅಂದಾಕಿ ನೀ ಅಲ್ಲ. ನಾನು. ಮಾಳಿಗಿ ಮ್ಯಾಲಿಂದ, ನಿನ್ನ ದನಿ ತೆಗದು ಅಂದೆ.”

ಆಕೆ ಗೋಣಿಚೀಲ ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

“ಯಾರ ಹೇಳಿಕೊಟ್ರು ನಿನಗ ಇದನ್ನ? ನಿಮ್ಮವ್ವ?”

“ಇಲ್ಲತ್ತಿ, ಖರೇನ.”

“ನಾ ಬಾಯಿ ಮುಚ್ಚಿಕೊಂಡು ಕುಂತೀನಂತ ನನ್ನ ತಪ್ಪು ನಿನ್ನ ಮ್ಯಾಲ ಹಾಕ್ಕೊಳ್ಳಾಕ ಬಂದಿಯೇನ್?”

“ಖರೇನ ನಾನ ಅಂದಿದ್ದು.”

“ಹಂಗಾದ್ರ ತೆಗಿ ನನ್ನ ದನಿ. ಕೇಳೂನು.”

ತೆಗೆಯಲು ಹೋದೆ. ಮೂಗಿನಲ್ಲಿ ಶುರು ಮಾಡಿದೆ. ಬಂದದ್ದು ಕಾಗೆಯಂಥ ಒಂದು ಸದ್ದು. ಇನ್ನೊಮ್ಮೆ ಪ್ರಯತ್ನಿಸಿದೆ; ಈ ಸಲ ನಮ್ಮಪ್ಪ ಬಂದ.

ಅತ್ತೆ ನಕ್ಕಳು. ಅಷ್ಟು ದಿನಗಳಲ್ಲಿ ಅದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಮಂದೀನ ನಗಸ್ತಿ ಖರೆ, ಸುಳ್ಳು ಹೇಳಾಕ ಬರಂಗಿಲ್ಲ ನಿನಗ. ಒಳ್ಳೆ ಹುಡುಗ ಅದಿ” ಅಂದಳು. ಒಳಗೆ ಹೋಗಿ, ಆ ಬಿದ್ದ ಗಿಡದಲ್ಲಿ ಹುಳ ಮುಟ್ಟದ ಕಾಯಿಗಳನ್ನಷ್ಟೇ ಆರಿಸಿ ಮಾಡಿದ ಬಾಳಕದ ಡಬ್ಬಿ ತಂದು ಕೈಗಿಟ್ಟಳು. ಆ ವರ್ಷ ಅದೊಂದೇ ಡಬ್ಬಿ. ಓಣಿಯಲ್ಲಿ ಬೇರೆ ಯಾರಿಗೂ ಸಿಗಲಿಲ್ಲ.

ಸುಳ್ಳು ದನಿಯಲ್ಲಿ ಎಲ್ಲರನ್ನೂ ನಂಬಿಸಿದವನು, ನಿಜ ಹೇಳಿದ ಒಂದು ದಿನ ನಂಬಿಸಲಾಗದೆ, ಅದಕ್ಕೇ ಬಹುಮಾನ ತೆಗೆದುಕೊಂಡು ಮನೆಗೆ ಬಂದೆ.

ಗಿಡ ಎರಡು ವರ್ಷದಲ್ಲಿ ಮತ್ತೆ ಆಳೆತ್ತರವಾಯಿತು. ಅತ್ತೆ ಗಿಡವನ್ನು ಮತ್ತೆ ಬೈಯಲು ಶುರು ಮಾಡಿದಳು. ತೆಲುಗು ಮಾತ್ರ ಮರಳಲಿಲ್ಲ. ಮೂರು ವರ್ಷದ ಹಿಂದೆ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ನಾನು ಆಗ ಎಮ್ಮಿಗನೂರಿನಲ್ಲಿ ಒಂದು ನಿಶ್ಚಿತಾರ್ಥದಲ್ಲಿ ಯಾರದೋ ಅಜ್ಜಿಯ ದನಿ ತೆಗೆಯುತ್ತಿದ್ದೆ. ಮಾವ ಮನೆ ಖಾಲಿ ಮಾಡಿದ. ಮಾಲೀಕರು ಅಂಗಳಕ್ಕೆ ಸಿಮೆಂಟು ಹಾಕಿಸಿದರು. ಅದಕ್ಕೆ ಮುಂಚೆ ನಾನು ಒಂದು ಟೊಂಗೆ ಕಡಿದು, ಒದ್ದೆ ಬಟ್ಟೆ ಸುತ್ತಿ, ಗೋಡೆಯ ಈಚೆ ತಂದಿದ್ದೆ.

ಈಗ ಅದು ನನ್ನ ಎದೆಮಟ್ಟ. ಮದುವೆಯ ಬಾಳಕ ತಿಂದು ಬಂದ ಮರುದಿನ ನೋಡಿದರೆ ಎಲೆಯ ಅಡಿಯಲ್ಲಿ ಬಿಳಿ. ಊದಿದೆ. ಹಾರಲಿಲ್ಲ. ಔಷಧ ಹೊಡೆಯುವವನಿಗೆ ಫೋನ್ ಮಾಡಿದೆ. ಬೇರೆಯವನು, ಹೊಸ ಹುಡುಗ. ನಿನ್ನೆ ಬಂದ. ನಾನು ಮಾಳಿಗೆಯ ಮೇಲಿದ್ದೆ. ಗೇಟಿನಿಂದಲೇ ಕೂಗಿದ.

“ಅನ್ನಾ, ಏಂ ಚೆಯ್ಯಾಲಿ?”

ಗಂಟಲಲ್ಲಿ ಆಕೆ ಬಂದಳು. ಮೂಗಿನಿಂದ ಶುರುವಾಗಿ, ಕೊನೆಯ ಅಕ್ಷರ ಮಾಳಿಗೆಗೆ ಎಸೆಯುವ ಹಾಗೆ, ಎಲ್ಲ ಸಿದ್ಧವಾಗಿ, ಬಾಯಿಯವರೆಗೆ... ‘ಕಿ’ ಸೇರಿಸಿದರೆ ಅದು ಆಕೆಯ ಮಾತಾಗುವುದಿಲ್ಲ. ಬಿಟ್ಟರೆ ಗಿಡ ಉಳಿಯುವುದಿಲ್ಲ.

ಕೆಳಗಿಳಿದು ಹೋಗಿ, ನನ್ನ ದನಿಯಲ್ಲೇ ಹೇಳಿದೆ. ಅವನು ಹೊಡೆದು ಮುಗಿಸುವವರೆಗೂ ಗಿಡದ ಪಕ್ಕದಲ್ಲೇ ನಿಂತಿದ್ದೆ.