ಹವಾಲ್ದಾರನ ಕೆಂಪು ಬಣ್ಣ
ಕೊಪ್ಪಳದ ಹತ್ತಿ ಗಿರಣಿಯ ಗುಮಾಸ್ತ ವೆಂಕೋಬ ಮಳೆ ಬಂದರೆ ಗುಡಿಸಲೊಳಗೇ ಕೊಡೆ ಹಿಡಿದು ಉಣ್ಣುವವನು. ಆದರೂ ಹವಾಲ್ದಾರ ಗ್ಯಾನಪ್ಪನನ್ನು ಕಂಡರೆ ನವಾಬನಂತೆ ನಗುವನು. ಬರ್ಮಾ ಯುದ್ಧದಿಂದ ಮರಳಿದ ಗ್ಯಾನಪ್ಪನಿಗೆ ವಿಮಾನವಿದ್ಯೆಯ ಹುಚ್ಚು. ಹದ್ದಿಗೂ ಸರಿಯಾಗಿ ತಿರುಗಲು ಬರುವುದಿಲ್ಲವೆಂದು ಬಯ್ಯುವನು. ವಿಮಾನದ ಪುಸ್ತಕ ಕಂಕುಳಲ್ಲಿಟ್ಟು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ, ಆಕಾಶದಿಂದ ಕಂಡಂತೆ ಊರಿನ ನಕ್ಷೆ ಬರೆಯುವನು: ಸಾಹುಕಾರರ ಮಾಳಿಗೆಗೆ ಬಿಳಿ, ಬಡವರ ಹುಲ್ಲಿನ ಗುಡಿಸಲಿಗೆ ಕೆಂಪು. “ಏನ್ರಿ ಹವಾಲ್ದಾರ್ರ, ನಮ್ಮ ಗುಡಿಸಲಿಗಷ್ಟ ಕುಂಕುಮ ಹಚ್ಚೀರಿ, ಮದುವಿ ಐತೇನ್ರಿ?” ಎಂದು ವೆಂಕೋಬ ಕೆಣಕಿದ. “ಸುಡೋ ಮನಿ ಅವು, ತಮ್ಮಾ. ಬರ್ಮಾದಾಗ ವಿಮಾನದಾಗ ಕುಂತು ಮ್ಯಾಲಿಂದ ನೋಡೀನಿ. ಹುಲ್ಲಿನ ಓಣಿ ಪೂರಾ ಸುಟ್ಟಿತ್ತು, ಬಾವಿ ಎಲ್ಲಾ ಸಾಹುಕಾರರ ಕಡೆ ಇದ್ದವು. ನಿಮ್ಮವ್ವ ಒಲಿ ಹಚ್ಚೋದು ಒಳಗೇನು?” ವೆಂಕೋಬ ಮತ್ತೂ ನಕ್ಕ. ಸಂಜೆ ಮಾತ್ರ ಚಳಿಯಲ್ಲಿ ನಡುಗುತ್ತ ಒಲೆಯನ್ನು ಅಂಗಳಕ್ಕೆ ಹೊತ್ತು ತಂದ. “ಯಾಕಲೇ?” ಎಂದಳು ತಾಯಿ. “ಒಳಗ ಸೆಕಿ ಭಾಳ ಬೇ,” ಎಂದ.