ಕಾಮಾಕ್ಷಮ್ಮನ ಕಬ್ಬಿಣ

ಗುಜರಾತಿನ ಮಣಿನಗರ ರೈಲು ನಿಲ್ದಾಣದ ಎದುರು ಮಗ ಹಯವದನ ನಡೆಸುತ್ತಿದ್ದ ಉಡುಪಿ ಹೋಟೆಲಿನಲ್ಲಿ ಕಾಮಾಕ್ಷಮ್ಮನಿಗೆ ಎದುರಾಡುವವರಿರಲಿಲ್ಲ. ಸಾಂಬಾರು ಇನ್ನೂ ಸಿಹಿಯಿರಬೇಕೆಂದ ಗಿರಾಕಿಗಳನ್ನು ಆಕೆ ಮೊದಲು ಗದರಿಸಿ, ಆಮೇಲೆ ಬೆಲ್ಲ ಹಾಕಿಸುತ್ತಿದ್ದರು. ಗುಜರಾತಿಯಲ್ಲಿ ಆಕೆಗೆ ಬರುತ್ತಿದ್ದುದು ‘ನಾ’, ಅಂದರೆ ಇಲ್ಲ, ಎಂಬ ಒಂದೇ ಮಾತು. ಗ್ರಹ ಸೋಕದಂತೆ ಹಸುಗೂಸಿನ ಬಳಿ ಸದಾ ಕಬ್ಬಿಣವಿರಬೇಕೆಂಬ ನಂಬಿಕೆಯೂ ಅಷ್ಟೇ ಗಟ್ಟಿಯಾಗಿತ್ತು.

೧೯೯೬ರ ಬೇಸಿಗೆಯಲ್ಲಿ ಸೊಸೆ ಸೌಮ್ಯಾ ಹೆತ್ತ ಗಂಡುಮಗು ಹುಟ್ಟಿದೊಡನೆ ಅಳಲಿಲ್ಲ. ಉಸಿರು ತಡವಾಗಿ ಬಂದಿತು. ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಎಂ.ಆರ್.ಐ. ಚಿತ್ರ ಬೇಕೆಂದರು ವೈದ್ಯರು. ಆ ಯಂತ್ರವೆಂದರೆ ಮಹಾ ಅಯಸ್ಕಾಂತ. ಒಳಗೆ ಗುಂಡುಸೂಜಿಯೂ ಹೋಗುವಂತಿಲ್ಲ. ಭಾಷೆಯ ನೆರವಿಗೆಂದು ನೆರೆಯವಳಾದ ನಾನು ಜೊತೆಗೆ ಹೋಗಿದ್ದೆ.

ಬಾಗಿಲಲ್ಲಿ ತಂತ್ರಜ್ಞ ಚೇತನ್‌ಭಾಯಿ ಲೋಹ ಹುಡುಕುವ ಕೋಲನ್ನು ಮಗುವಿನ ಮೇಲೆ ಆಡಿಸಿದ. ಕೋಲು ಕೂಗಿತು. ಕುಲಾವಿಯ ಮಡಿಕೆಯಲ್ಲಿ ಮೊಳೆ ಸಿಕ್ಕಿತು. ಬಟ್ಟೆ ಬದಲಿಸುವೆನೆಂದು ಕಾಮಾಕ್ಷಮ್ಮ ಮಗುವನ್ನು ಒಯ್ದು ತಂದರು. ಮತ್ತೆ ಕೂಗು: ಉಗ್ರಾಣದ ಬೀಗದ ಕೈ. ಅದಾದ ಮೇಲೆ ಅಡಕತ್ತರಿ. ಈ ಗಂಟಿನಲ್ಲಿ ದೋಸೆಕಾವಲಿಯೂ ಇದೆಯೇ ಎಂದು ಚೇತನ್‌ಭಾಯಿ ನನ್ನನ್ನು ಕೇಳಿದ. ಅದನ್ನು ನಾನು ಅನುವಾದಿಸಲಿಲ್ಲ.

ಮಗು ಎಚ್ಚರಗೊಂಡು ಅಲುಗಾಡಿದರೆ ಚಿತ್ರ ಕೆಡುತ್ತದೆ. ಅದು ಆಗಲೇ ಕಾಲು ಒದೆಯತೊಡಗಿತ್ತು. ಸೌಮ್ಯಾ ಅತ್ತೆಯತ್ತ ತಿರುಗಿದಳು.

“ಅತ್ತೆ, ನಿಮ್ಮ ಅಡಕತ್ತರಿಯನ್ನೇ ಎಳ್ಕೊಳ್ಳುವ ಯಂತ್ರ ಅದು. ಅದರ ಹೊಟ್ಟೆಯೊಳಗೆ ಬಂದು ಮಗುವನ್ನು ಮುಟ್ಟುವ ಧೈರ್ಯ ಯಾವ ಗ್ರಹಕ್ಕುಂಟು?”

ಕಾಮಾಕ್ಷಮ್ಮ ಯೋಚಿಸಿದರು. “ಅದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ತಿ? ಸುಮ್ಮನೆ ಮಗುವಿನ ನಿದ್ದೆ ಹಾಳು” ಎಂದು, ಯಾರೂ ಕೇಳದಿದ್ದರೂ ತಮ್ಮ ಸೊಂಟದಿಂದ ಚಿಕ್ಕ ಚೂರಿಯೊಂದನ್ನು ತೆಗೆದು ಚೇತನ್‌ಭಾಯಿಯ ಕೈಗಿತ್ತರು. ಮಗುವನ್ನು ತಟ್ಟಿ ಮಲಗಿಸಿದವರೂ ಅವರೇ.

ಮರುದಿನ ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, ಮಿದುಳಿನಲ್ಲಿ ಪೆಟ್ಟಿನ ಗುರುತು ಕಾಣುತ್ತಿಲ್ಲವೆಂದೂ, ಆದರೂ ಬೆಳವಣಿಗೆಯನ್ನು ಗಮನಿಸುತ್ತಿರಬೇಕೆಂದೂ ಹೇಳಿದರು. ಸೌಮ್ಯಾ ಅತ್ತಳು. ಕಾಮಾಕ್ಷಮ್ಮ ಕೀರ್ತಿಯನ್ನೆಲ್ಲ ಯಂತ್ರಕ್ಕೆ ಕೊಟ್ಟರು.

ಆ ವರ್ಷದ ಆಯುಧಪೂಜೆಗೆ ಮೊಮ್ಮಗನನ್ನು ಎತ್ತಿಕೊಂಡು ಹಿತ್ತಾಳೆಯ ಆರತಿತಟ್ಟೆಯೊಡನೆ ಆಕೆ ಯಂತ್ರದ ಬಾಗಿಲಿಗೆ ಬಂದರು. ಚೇತನ್‌ಭಾಯಿ ಆಕೆಗೆ ತಿಳಿಯುವ ಮಾತನ್ನೇ ಆಡಿದ: “ನಾ.” ತಟ್ಟೆಯನ್ನು ನನ್ನ ಕೈಗಿತ್ತು, ಬಾಳೆಎಲೆಯಲ್ಲಿ ಹೂವು ಕುಂಕುಮವಿಟ್ಟುಕೊಂಡು ಆಕೆ ಹೊಸ್ತಿಲಿಗೇ ಪೂಜೆ ಮಾಡಿದರು. ಆದರೂ ಚೇತನ್‌ಭಾಯಿ ಆಡಿಸಿದ ಕೋಲು ಕೂಗಿತು. ಆ ಕೂಗಿನತ್ತ ತಿರುಗಿ ಮಗು ಕೇಕೆ ಹಾಕಿ ನಕ್ಕಿತು. ಅದರ ಕುಲಾವಿಯಲ್ಲಿ ಮೊಳೆಯಿತ್ತು.