ಮಷಿನ್ನು ಕುಡಿದ ಹುಳಿ

ಕಳೆದ ಭಾನುವಾರ ಮಧ್ಯಾಹ್ನ ಹೊನ್ನಾಳಿಯ ನಮ್ಮ ಮನೆಯ ವಾಷಿಂಗ್ ಮಷಿನ್ನಿಗೆ ಒಂದು ಇಡೀ ಬಾಟಲಿ ವಿನೆಗರ್ ಸುರಿಯಲಾಯಿತು. ಸುರಿದವರು ನನ್ನ ಹೆಂಡತಿ ಗಿರಿಜೆ. ಆ ವೇಳೆ ಮಷಿನ್ನಿನೊಳಗೆ ಬಟ್ಟೆ ಇರಲಿಲ್ಲ. ಯಾರಿಗೂ ಗಾಯವಾಗಿಲ್ಲ.

ವರ್ಷಗಟ್ಟಲೆ ತಾಲ್ಲೂಕಿನ ಸುದ್ದಿ ಬರೆದ ನನಗೆ ಇಷ್ಟು ಬರೆದು ಎದ್ದುಬಿಡುವ ಅಭ್ಯಾಸ. ಆದರೆ ಓದುಗರೇ, ಈ ಸಲ ಸುದ್ದಿಯ ಒಳಗೆ ನಾನೇ ಸಿಕ್ಕಿಬಿದ್ದಿರುವುದರಿಂದ ಇನ್ನಷ್ಟು ಹೇಳಬೇಕಾಗಿದೆ.

ಎಲ್ಲ ಶುರುವಾದದ್ದು ನನ್ನ ಬಿಳಿ ಅಂಗಿಯಿಂದ. ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ತೊಟ್ಟ ಅಂಗಿ ಮೈ ಬೆವೆತೊಡನೆ ನೆನೆದ ಗೋಣಿಚೀಲದಂತೆ ನಾರುತ್ತಿತ್ತು. ತುಂಗಭದ್ರೆಯ ಪಕ್ಕದಲ್ಲೇ ಇದ್ದರೂ ನಮ್ಮ ಬಡಾವಣೆಯವರು ನೆಚ್ಚಿಕೊಂಡಿರುವುದು ಬೋರ್‌ವೆಲ್ಲನ್ನೇ. ಆ ಗಡಸು ನೀರು ಬಕೆಟ್ಟಿಗೆ ಬಿಳಿ ಪಟ್ಟೆ ಹಚ್ಚಿದಂತೆ ಮಷಿನ್ನಿನ ಹೊಟ್ಟೆಗೂ ಸುಣ್ಣ ಬಳಿದಿತ್ತು. ಗಾಜಿನ ಬಾಗಿಲಿನ ಸುತ್ತಣ ರಬ್ಬರಿನ ಮಡಿಕೆಯಲ್ಲಿ ಕಪ್ಪು ಲೋಳೆ ಮನೆಮಾಡಿತ್ತು. ಬೇರೆ ಕಾಲವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆವು. ಆದರೆ ಚನ್ನಗಿರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಮ್ಮ ಮಗ ವಿನಯ್ ಮತ್ತು ಜಗಳೂರಿನ ಒಬ್ಬ ಹುಡುಗಿ ಪರಸ್ಪರ ಒಪ್ಪಿದ್ದರು. ಉಳಿದದ್ದು ಹುಡುಗಿಯ ಕಡೆಯವರು ಬಂದು ಮನೆ ನೋಡುವ ಶಾಸ್ತ್ರವೊಂದೇ. ಮನೆ ನೋಡುವುದೆಂದರೆ ಬರೀ ಕಣ್ಣಿನಿಂದ ನೋಡುವುದಲ್ಲ. ಅದರ ಮುಖ್ಯ ಅಧಿಕಾರಿ ಮೂಗು. ಹುಡುಗ-ಹುಡುಗಿ ಒಪ್ಪಿದ ಎಷ್ಟೋ ಸಂಬಂಧಗಳು ಈ ಹಂತದಲ್ಲಿ, ಉಪ್ಪಿಟ್ಟು ಆರುವ ಮೊದಲೇ ಮುರಿದದ್ದನ್ನು ಬಲ್ಲೆ. ನನಗೆ ನಿದ್ದೆ ಬರುತ್ತಿರಲಿಲ್ಲ.

ವಿನೆಗರ್ ಹಾಕಿ ಖಾಲಿ ಮಷಿನ್ನನ್ನು ಬಿಸಿನೀರಿನಲ್ಲಿ ತಿರುಗಿಸಿದರೆ ಸುಣ್ಣವೂ ವಾಸನೆಯೂ ಹೋಗುತ್ತವೆ ಎಂದು ಗಿರಿಜೆ ಫೋನಿನಲ್ಲಿ ನೋಡಿದ್ದಳು. ತರಲು ಹೋದ ನನ್ನನ್ನು ಕಿರಾಣಿ ಅಂಗಡಿಯವನು ಮೇಲಿಂದ ಕೆಳಗೆ ನೋಡಿ, “ಏನ್ರೀ ಸಾರ್, ಪೇಪರ್ ಬಿಟ್ಟು ಗೋಬಿ ಮಂಚೂರಿ ಗಾಡಿ ಇಟ್ರಾ?” ಎಂದ. ಮನೆಗೆ ಬಂದು, ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಗಾಳಿ ಏಳುತ್ತದೆಂದು ಮಗ ಹೇಳಿದ್ದು ನೆನಪಾಗಿ, ಬ್ಲೀಚಿಂಗ್ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಅಪಾಯವನ್ನು ಮೊದಲೇ ಊಹಿಸಿ ತಡೆದ ಸಮಾಧಾನ ನನ್ನದಾಗಿತ್ತು.

ಬಟ್ಟಲಿನಷ್ಟು ಸಾಕು ಎಂದು ನಾನು ಹೇಳಿದೆ. “ಅದು ಹೊಳೆ ನೀರಿಗೆ. ನಮ್ಮ ಬೋರ್ ನೀರಿಗೆ ಹುಳಿ ಮುಂದಾಗೇ ಬೇಕು,” ಎಂದು ಸಾರಿನ ಲೆಕ್ಕದಲ್ಲಿ ಗಿರಿಜೆ ಬಾಟಲಿಯನ್ನೇ ಬಗ್ಗಿಸಿದಳು. ಕನ್ನಡದಲ್ಲಿ ಸಂಬಂಧ ಕೆಡಿಸುವುದಕ್ಕೆ ಹುಳಿ ಹಿಂಡುವುದು ಎನ್ನುತ್ತಾರೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು; ಅಶುಭವೆಂದು ನುಂಗಿಕೊಂಡೆ.

ಸಂಜೆ ಬರುತ್ತೇವೆಂದಿದ್ದವರು, ಭಾನುವಾರದ ಸಂಜೆ ರಾಹುಕಾಲವೆಂದು ದಾರಿಯಲ್ಲಿ ಯಾರೋ ನೆನಪಿಸಿದ್ದರಿಂದ, ಮಧ್ಯಾಹ್ನವೇ ಬಂದುಬಿಟ್ಟರು. ಬಂದವರು ಇಬ್ಬರು: ಹುಡುಗಿಯ ತಾಯಿ ಶಾಂತಮ್ಮ, ಹುಡುಗಿಯ ಸೋದರಮಾವ ರುದ್ರಪ್ಪ. ತಂದೆ ಇಲ್ಲದ ಹುಡುಗಿ. ಮಾವನ ಮಾತೇ ಕೊನೆಯ ಮಾತೆಂದು ಮೊದಲೇ ಕೇಳಿದ್ದೆವು. ಮಷಿನ್ನು ಆಗಷ್ಟೇ ಬಿಸಿಯೇರಿತ್ತು. ನಡುವೆ ನಿಲ್ಲಿಸೋಣವೆಂದರೆ ಒಳಗೆ ನೀರಿರುವ ತನಕ ಅದರ ಬಾಗಿಲು ತೆರೆಯದು. ಹೊರಗೆ ಬೀಗರಾಗಬೇಕಾದವರು, ಒಳಗೆ ಬೀಗ. ನಡುವೆ ಇಡೀ ಮನೆಯಲ್ಲಿ ಹುಳಿತ ಹೆಂಡದ ಘಾಟು.

ರುದ್ರಪ್ಪನವರು ಕುರ್ಚಿಯಲ್ಲಿ ಕೂರುವ ಮೊದಲೇ ಎರಡು ಸಲ ಮೂಗೆಳೆದರು. ಕೈ ತೊಳೆಯಲು ಹಿತ್ತಲಿಗೆ ಹೋದರು. ಅಲ್ಲಿ ತೊಟ್ಟಿಯ ಮೇಲೆ, ನೀರು ಬಿದ್ದು ಚೀಟಿ ಕಿತ್ತುಹೋದ ಖಾಲಿ ಬಾಟಲಿ ನಿಂತಿತ್ತು. ‘ಸ್ಥಳದಲ್ಲಿ ಖಾಲಿ ಬಾಟಲಿ ಪತ್ತೆ’ ಎಂದು ನಾನು ಎಷ್ಟು ಸಲ ಬರೆದಿದ್ದೇನೋ. ಓದಿದವರು ಏನು ತೀರ್ಮಾನಿಸುತ್ತಾರೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವರು ಬಂದು ಕೂತು, ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟದೆ, ಬಹಳ ಮರ್ಯಾದೆಯಿಂದ ಕೇಳಿದರು: “ಯಜಮಾನ್ರೇ, ತಪ್ಪು ತಿಳೀಬ್ಯಾಡ್ರಿ. ಪೇಪರ್‌ನೋರಿಗೆ ಊರೂರು ಅಲೆಯೋ ಕೆಲ್ಸ. ತಮಗೆ ಏನಾರ ಅಭ್ಯಾಸ ಐತೇನ್ರೀ?”

“ಇಲ್ರೀ! ಆ ಬಾಟ್ಲಿ ವಾಷಿಂಗ್ ಮಷಿನ್ನಿಂದು.”

“ಮಷಿನ್ ಕುಡೀತೈತಾ?”

“ಹೌದ್ರೀ, ಪೂರ್ತಿ ಅದೇ ಕುಡೀತು,” ಎಂದೆ.

ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಬಾಳೆಹಣ್ಣು ತಂದಿಡುತ್ತಿದ್ದ ವಿನಯ್ ತಂದೆಯ ಮಾನ ಉಳಿಸಲು ಮುಂದಾದ. ಪಾಠ ಮಾಡುವವರ ಕಷ್ಟವೆಂದರೆ ಅವರಿಗೆ ಪೂರ್ತಿ ಹೇಳದೆ ನಿಲ್ಲಿಸಲು ಬರುವುದಿಲ್ಲ. ಅದು ವಿನೆಗರ್, ಅಡುಗೆಗೆ ಬಳಸುವಂಥದ್ದು ಎಂಬಲ್ಲಿಗೆ ನಿಲ್ಲಿಸಬಹುದಿತ್ತು. “ಆಲ್ಕೋಹಾಲ್ ಹುಳಿ ಬಂದು ವಿನೆಗರ್ ಆಗೋದು, ಸಾರ್,” ಎಂದ.

“ಹಂಗಂದ್ರೆ ಮೊದ್ಲು ಅದೇ ಅಂದಂಗಾತು!” ಎಂದರು ರುದ್ರಪ್ಪ.

ಶಾಂತಮ್ಮ ಸೆರಗಿನ ತುದಿಯನ್ನು ಬಾಯಿಗೆ ಹಿಡಿದಿದ್ದರು. ನಗುವೋ ವಾಸನೆಯೋ ತಿಳಿಯಲಿಲ್ಲ. ರುದ್ರಪ್ಪ ಗಡಿಯಾರ ನೋಡಿ, ರಾಹುಕಾಲ ಶುರುವಾಗುವ ಮೊದಲೇ ಊರ ಗಡಿ ದಾಟಬೇಕೆಂದು ಎದ್ದರು. ಕುಂಕುಮ ತೆಗೆದುಕೊಳ್ಳುವ ಹೊತ್ತಿಗೆ ಹಿತ್ತಲಿನಿಂದ ಟಕ್ ಎಂಬ ಸದ್ದು ಕೇಳಿಸಿತು: ಮಷಿನ್ನಿನ ಬೀಗ ಬಿಚ್ಚಿತ್ತು. “ಅಕ್ಕಾರೆ, ಕೈ ತೊಳ್ಕಂತೀನಿ,” ಎಂದು ಶಾಂತಮ್ಮ ಗಿರಿಜೆಯ ಹಿಂದೆ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಾಯಿತು. ವಾಪಸ್ ಬಂದವರು ಬೆರಳು ಮೂಸಿ ನೋಡಿಕೊಂಡರು.

“ಹೇಳಿ ಕಳಿಸ್ತೀವ್ರಿ,” ಎಂದರು ರುದ್ರಪ್ಪ.

ಮದುವೆಯ ವ್ಯವಹಾರದಲ್ಲಿ ಈ ಮಾತಿನ ಅರ್ಥ ನಿಘಂಟಿನಲ್ಲಿ ಸಿಗುವುದಿಲ್ಲ. ಹೇಳುವುದೂ ಇಲ್ಲ, ಕಳಿಸುವುದೂ ಇಲ್ಲ ಎಂಬುದೇ ಅದರ ರೂಢಿಯ ಅರ್ಥ. ಸೋಮವಾರ ಫೋನ್ ಬರಲಿಲ್ಲ. ಮಂಗಳವಾರ ಶುಭ ಸುದ್ದಿ ಹೇಳುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆವು. ಬುಧವಾರಕ್ಕೆ ಅಂಥ ಯಾವ ನೆಪವೂ ಇರಲಿಲ್ಲ. ಸ್ಪಷ್ಟನೆ ಕೊಡಲು ನಾನೇ ಫೋನ್ ಮಾಡಲೇ ಎಂದು ಯೋಚಿಸಿದೆ. ಆದರೆ ಸ್ಪಷ್ಟನೆ ಅಚ್ಚಾದ ಮೇಲೆಯೇ ಜನ ಮೂಲ ಸುದ್ದಿಯನ್ನು ಹುಡುಕಿ ಓದುತ್ತಾರೆಂಬುದು ನಮ್ಮ ಕಸುಬಿನ ಅನುಭವ. ವಿನಯ್ ತನ್ನ ಅಂಗಿಗಳನ್ನು ಕೈಯಲ್ಲೇ ಒಗೆದುಕೊಂಡು, ಮಷಿನ್ನಿನ ಕಡೆ ನೋಡದೆ ಚನ್ನಗಿರಿಯ ಬಸ್ಸು ಹತ್ತುತ್ತಿದ್ದ. ಗಿರಿಜೆ ಅವನು ಹೋದ ದಾರಿಯನ್ನು ನೋಡುತ್ತ ನಿಲ್ಲುತ್ತಿದ್ದಳು.

ಇಂದು ಬೆಳಿಗ್ಗೆ ಬಿಳಿ ಅಂಗಿ ತೊಟ್ಟೆ. ಮಷಿನ್ನಿನಲ್ಲೇ ಒಗೆದದ್ದು. ತೋಳು ಮೂಸಿದೆ: ಗೋಣಿಚೀಲವಿಲ್ಲ, ಹುಳಿಯಿಲ್ಲ, ಯಾವ ವಾಸನೆಯೂ ಇಲ್ಲ. ಇಷ್ಟು ನಿರ್ದೋಷಿಯಾದ ಅಂಗಿಯನ್ನು ತೊಟ್ಟೂ ಮನುಷ್ಯ ಇಷ್ಟೊಂದು ಅಳುಕಬಹುದೆಂದು ನನಗೆ ತಿಳಿದಿರಲಿಲ್ಲ.

ಗುಂಡಿ ಹಾಕಿಕೊಳ್ಳುತ್ತಿರುವಾಗ ಗಿರಿಜೆಯ ಫೋನ್ ರಿಂಗಾಯಿತು. ಜಗಳೂರಿನಿಂದ, ಶಾಂತಮ್ಮ. ಗಿರಿಜೆಯ ಕೈ ಒದ್ದೆಯಿದ್ದುದರಿಂದ ಸ್ಪೀಕರ್ ಒತ್ತಿ ಹಿಡಿದವನು ನಾನು.

“ಬೀಗ್ತೀ,” ಎಂದಿತು ಆ ಕಡೆಯ ದನಿ, “ನಮ್ಮ ಮಷಿನ್ನೂ ನಾರ್ತೈತಿ. ಆ ಹುಳಿ ಎಷ್ಟು ಹಾಕ್ಬೇಕು?”